ಅಭ್ಯಾಸಬಲ

“ಹುಟ್ಟುಗುಣ ಸುಟ್ಟರೂ ಹೋಗದು” ಎಂಬುದು ನಮ್ಮ ಜನರ ನಾಲಗೆಯಲ್ಲಿ ನೆಲೆಸಿರುವ ಗಾದೆ. “ಹನಿಹನಿಗೂಡಿದರೆ ಹಳ್ಳ” ಎಂಬುದು ಅದರ ನೆರೆಯಲ್ಲಿಯೇ ಇರುವ ಮತ್ತೊಂದು ಗಾದೆ. ಇವೆರಡನ್ನೂ ಒಂದೇ ಮನೆಯ ಹಿರಿಯರು ಒಂದೇ ದಿನ ಆಡುವುದನ್ನು ನಾವು ಕೇಳಿದ್ದೇವೆ. ಹುಡುಗನು ಸೋಮಾರಿಯಾಗಿ ಕುಳಿತಾಗ ಮೊದಲನೆಯ ಗಾದೆ ಹೊರಡುತ್ತದೆ. ಅವನು ಪುಸ್ತಕವನ್ನು ಕೈಗೆತ್ತಿಕೊಂಡಾಗ ಎರಡನೆಯದು. ಮನುಷ್ಯನ ಸ್ವಭಾವವು ಕಲ್ಲಿನಲ್ಲಿ ಕೆತ್ತಿದ ಬರಹವೆಂದು ಒಂದು ಹೇಳಿದರೆ, ಅದು ದಿನದಿನಕ್ಕೆ ಹರಿದು ಸೇರುವ ನೀರೆಂದು ಇನ್ನೊಂದು ಹೇಳುತ್ತದೆ. ಇವುಗಳಲ್ಲಿ ಯಾವುದು ನಿಜ? ಬಾಳಿನಲ್ಲಿಯೂ ಉದ್ಯೋಗದಲ್ಲಿಯೂ ಕಾರ್ಯಸಿದ್ಧಿಯನ್ನು ಬಯಸುವವರು ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇದು. ಏಕೆಂದರೆ, ಸ್ವಭಾವವು ಬದಲಾಗುವುದೇ ಇಲ್ಲವೆಂದ ಮೇಲೆ ಯತ್ನಕ್ಕೆ ಅರ್ಥವಿಲ್ಲ. ಬದಲಾಗುವುದೆಂದರೆ ಯತ್ನಿಸದೆ ಕುಳಿತವನಿಗೆ ನೆಪವಿಲ್ಲ.

ಈ ವಿಷಯವಾಗಿ ಉಪದೇಶಗಳಿಗೆ ಲೋಕದಲ್ಲಿ ಕೊರತೆಯಿಲ್ಲ. ಬೇಗ ಏಳಿರಿ, ಮಿತವಾಗಿ ಮಾತನಾಡಿರಿ, ಕಾಲವನ್ನು ಹಾಳುಮಾಡಬೇಡಿರಿ ಎಂದು ಹೇಳದವರಾರು? ಯುಗಾದಿಯ ದಿನ ಬೇವುಬೆಲ್ಲದೊಡನೆ ಇಂಥ ನಾಲ್ಕು ಸಂಕಲ್ಪಗಳನ್ನು ನುಂಗಿ, ಶ್ರೀರಾಮನವಮಿಯ ಪಾನಕದ ಹೊತ್ತಿಗೆ ಅವನ್ನು ಮರೆತವರಲ್ಲಿ ನಾವೂ ಸೇರಿದ್ದೇವೆ. ಆದಕಾರಣ ಈ ಸಂಜೆ ಉಪದೇಶವನ್ನು ಬದಿಗಿಟ್ಟು, ಆ ಉಪದೇಶಗಳನ್ನು ತನ್ನ ಮೇಲೆಯೇ ಪ್ರಯೋಗಿಸಿ, ಅದರ ಜಮಾಖರ್ಚನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟ ಒಬ್ಬ ಮನುಷ್ಯನ ವೃತ್ತಾಂತವನ್ನು ವಿಚಾರಿಸೋಣ. ಆತನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್.

ಫ್ರಾಂಕ್ಲಿನ್ ಹುಟ್ಟಿದುದು 1706ರಲ್ಲಿ, ಬಾಸ್ಟನ್ ನಗರದಲ್ಲಿ. ತಂದೆ ಮೇಣದ ಬತ್ತಿ ಮತ್ತು ಸಾಬೂನುಗಳನ್ನು ಮಾಡಿ ಮಾರುತ್ತಿದ್ದ ಬಡ ಕಸುಬುದಾರ. ಆತನಿಗೆ ಹದಿನೇಳು ಮಕ್ಕಳು. ಬೆಂಜಮಿನ್ ಗಂಡುಮಕ್ಕಳಲ್ಲಿ ಕಡೆಯವನು. ಅವನ ಶಾಲೆಯ ಓದು ಎರಡು ವರ್ಷಕ್ಕೆ ಮುಗಿಯಿತು. ಹತ್ತನೆಯ ವಯಸ್ಸಿನಲ್ಲಿ ತಂದೆಯ ಅಂಗಡಿಯಲ್ಲಿ ಬತ್ತಿಯ ಎಳೆ ಕತ್ತರಿಸುವ ಕೆಲಸ. ಹನ್ನೆರಡನೆಯದರಲ್ಲಿ ಅಣ್ಣನ ಮುದ್ರಣಾಲಯದಲ್ಲಿ ಶಿಷ್ಯವೃತ್ತಿ. ಅಣ್ಣನೊಡನೆ ಹೊಂದಿಕೆಯಾಗದೆ 1723ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಫಿಲಡೆಲ್ಫಿಯ ನಗರಕ್ಕೆ ಓಡಿಹೋದನು. ಅಂಥವನು ನಲವತ್ತೆರಡನೆಯ ವಯಸ್ಸಿಗೆ, ಎಂದರೆ 1748ರಲ್ಲಿ, ಮುದ್ರಣದ ವ್ಯಾಪಾರವನ್ನು ಪಾಲುಗಾರನಿಗೆ ಒಪ್ಪಿಸಿ ವಿರಾಮ ಹೊಂದುವಷ್ಟು ಅನುಕೂಲಸ್ಥನಾದನು. ಮುಂದೆ ವಿದ್ಯುಚ್ಛಕ್ತಿಯ ಶೋಧಕನಾಗಿಯೂ, ರಾಯಭಾರಿಯಾಗಿಯೂ, ಒಂದು ರಾಷ್ಟ್ರದ ನಿರ್ಮಾಪಕರಲ್ಲಿ ಒಬ್ಬನಾಗಿಯೂ ಪ್ರಸಿದ್ಧನಾದನು. ಇವೆಲ್ಲ ಚರಿತ್ರೆಯ ಪುಸ್ತಕಗಳಲ್ಲಿ ಇರತಕ್ಕವು. ನಮಗೆ ಇಲ್ಲಿ ಬೇಕಾದುದು ಆತನು ಏರಿದ ಎತ್ತರವಲ್ಲ, ಹತ್ತಿದ ಮೆಟ್ಟಿಲು.

ಮೊದಲ ಮೆಟ್ಟಿಲು ಬರವಣಿಗೆ. ಹುಡುಗನಾಗಿದ್ದಾಗ ಅವನ ಕಾಗದವೊಂದನ್ನು ತಂದೆ ನೋಡಿ, ಅಕ್ಷರವೂ ಗುರುತುಗಳೂ ಸರಿಯಾಗಿವೆ, ಆದರೆ ಮಾತಿನಲ್ಲಿ ಸೊಗಸೂ ಕ್ರಮವೂ ಸಾಲದು ಎಂದು ಉದಾಹರಣೆ ಸಹಿತವಾಗಿ ತೋರಿಸಿಕೊಟ್ಟನು. ಹುಡುಗ ಮುನಿಯಲಿಲ್ಲ. ‘ಸ್ಪೆಕ್ಟೇಟರ್’ ಎಂಬ ಇಂಗ್ಲಿಷ್ ಪತ್ರಿಕೆಯ ಬಿಡಿ ಸಂಪುಟವೊಂದು ಅವನಿಗೆ ದೊರೆತಿತ್ತು. ಅದರ ಪ್ರಬಂಧವನ್ನು ಓದಿ, ಒಂದೊಂದು ವಾಕ್ಯದ ಭಾವವನ್ನೂ ಎರಡು ಮೂರು ಪದಗಳಲ್ಲಿ ಗುರುತುಹಾಕಿಕೊಂಡು, ಪುಸ್ತಕವನ್ನು ಕೆಲವು ದಿನ ಮುಚ್ಚಿಡುವನು. ಆಮೇಲೆ ಆ ಗುರುತುಗಳಿಂದಲೇ ಪ್ರಬಂಧವನ್ನು ತನ್ನ ಮಾತಿನಲ್ಲಿ ಮತ್ತೆ ಕಟ್ಟಿ, ಮೂಲದೊಡನೆ ಹೋಲಿಸಿ ತಪ್ಪುಗಳನ್ನು ತಿದ್ದಿಕೊಳ್ಳುವನು. ಶಬ್ದಸಂಪತ್ತು ಸಾಲದೆಂದು ತೋರಿದಾಗ ಗದ್ಯವನ್ನು ಪದ್ಯಮಾಡಿ, ಆ ಪದ್ಯವನ್ನು ಮರಳಿ ಗದ್ಯಮಾಡಿದನು. ಕ್ರಮ ಸಾಲದೆಂದು ತೋರಿದಾಗ ಗುರುತಿನ ಚೀಟಿಗಳನ್ನು ಕಲಸಿಟ್ಟು, ಕೆಲವು ವಾರಗಳ ಬಳಿಕ ಅವನ್ನು ಸರಿಯಾದ ಕ್ರಮದಲ್ಲಿ ಜೋಡಿಸಿದನು. ಇದಕ್ಕೆಲ್ಲ ಅವನಿಗೆ ಸಿಕ್ಕ ಹೊತ್ತು ಕೆಲಸಕ್ಕೆ ಮೊದಲಿನ ಬೆಳಗು, ಕೆಲಸ ಮುಗಿದ ಮೇಲಿನ ರಾತ್ರಿ.

ಈ ವಿಧಾನದಲ್ಲಿ ಒಂದು ಮರ್ಮವುಂಟು. ದಿನವೂ ಬರೆದವರೆಲ್ಲ ಲೇಖಕರಾಗುವುದಿಲ್ಲ. ನಲವತ್ತು ವರ್ಷ ಲೆಕ್ಕ ಬರೆದ ಗುಮಾಸ್ತನ ಕೈಬರಹ ಮೊದಲನೆಯ ವರ್ಷದಂತೆಯೇ ಇರುವುದನ್ನು ಯಾವ ಕಚೇರಿಯಲ್ಲಿಯಾದರೂ ನೋಡಬಹುದು. ಬರಿಯ ಪುನರಾವೃತ್ತಿಯು ಗಾಣದ ಎತ್ತಿನ ನಡಿಗೆ. ದಾರಿ ಸವೆಯುವುದೇ ಹೊರತು ಊರು ಬರುವುದಿಲ್ಲ. ಫ್ರಾಂಕ್ಲಿನ್ ಮಾಡಿದುದರಲ್ಲಿ ಪುನರಾವೃತ್ತಿಯೊಡನೆ ಎರಡು ಅಂಶಗಳು ಕೂಡಿದ್ದವು: ಕಣ್ಣ ಮುಂದೆ ಒಂದು ಮೇಲ್ಪಂಕ್ತಿ, ಅದರೊಡನೆ ತನ್ನ ಕೆಲಸವನ್ನು ಹೋಲಿಸಿ ತಪ್ಪನ್ನು ಕಾಣುವ ಧೈರ್ಯ. ಅಭ್ಯಾಸವೆಂಬ ಮಾತಿಗೆ ನಮ್ಮ ಹಿರಿಯರು ರೂಢಿ ಎಂಬ ಅರ್ಥವನ್ನಷ್ಟೇ ಅಲ್ಲದೆ ಸಾಧನೆ ಎಂಬ ಅರ್ಥವನ್ನೂ ಇಟ್ಟಿರುವುದು ವ್ಯರ್ಥವಲ್ಲ.

ಎರಡನೆಯ ಮೆಟ್ಟಿಲು ಶೀಲದ್ದು. ಯೌವನದಲ್ಲಿ, ಸ್ವಂತ ಮುದ್ರಣಾಲಯವನ್ನು ಸ್ಥಾಪಿಸಿಕೊಂಡ ಮೇಲೆ, ಫ್ರಾಂಕ್ಲಿನ್ ಒಂದು ಸಾಹಸವನ್ನು ಕೈಕೊಂಡನು: ಯಾವ ತಪ್ಪನ್ನೂ ಎಂದೂ ಮಾಡದೆ ಬಾಳಬೇಕು! ಒಳ್ಳೆಯದು ಯಾವುದು, ಕೆಟ್ಟುದು ಯಾವುದು ಎಂದು ತಿಳಿದಿರುವಾಗ ಒಂದನ್ನು ಮಾಡಿ ಇನ್ನೊಂದನ್ನು ಬಿಡುವುದಕ್ಕೆ ಏನು ಕಷ್ಟ ಎಂದು ಅವನ ಎಣಿಕೆ. ಕೆಲವೇ ದಿನಗಳಲ್ಲಿ ಕಷ್ಟ ತಿಳಿಯಿತು. ಒಂದು ದೋಷದ ಕಡೆ ಕಾವಲಿದ್ದರೆ ಇನ್ನೊಂದು ಹಿತ್ತಿಲ ಬಾಗಿಲಿನಿಂದ ಒಳಹೊಕ್ಕಿರುತ್ತಿತ್ತು. ತಿಳಿದಿರುವುದು ಬೇರೆ, ರೂಢಿಯಾಗಿರುವುದು ಬೇರೆ ಎಂದು ಅವನು ಕಂಡುಕೊಂಡನು.

ಆಗ ಅವನು ಗುಣಗಳ ಪಟ್ಟಿಯೊಂದನ್ನು ಮಾಡಿದನು: ಮಿತಾಹಾರ, ಮಿತಭಾಷಣ, ವ್ಯವಸ್ಥೆ, ದೃಢಸಂಕಲ್ಪ, ಮಿತವ್ಯಯ, ಉದ್ಯಮಶೀಲತೆ, ನಿಷ್ಕಾಪಟ್ಯ, ನ್ಯಾಯ, ಸಂಯಮ, ಶುಚಿ, ಶಾಂತಚಿತ್ತತೆ, ಇಂದ್ರಿಯನಿಗ್ರಹ ಎಂಬ ಹನ್ನೆರಡು. ಪಟ್ಟಿಯನ್ನು ನೋಡಿದ ಸ್ನೇಹಿತನೊಬ್ಬನು, ಜನ ನಿನ್ನನ್ನು ಗರ್ವಿಷ್ಠನೆಂದು ತಿಳಿದಿದ್ದಾರೆ ಎಂದು ಮೃದುವಾಗಿ ಹೇಳಿದುದರಿಂದ ಹದಿಮೂರನೆಯದಾಗಿ ವಿನಯವೂ ಸೇರಿತು. ಒಂದು ಚಿಕ್ಕ ಪುಸ್ತಕದಲ್ಲಿ ಒಂದೊಂದು ಗುಣಕ್ಕೆ ಒಂದೊಂದು ಪುಟ. ಪುಟದ ಮೇಲೆ ಕೆಂಪು ಶಾಯಿಯಲ್ಲಿ ವಾರದ ಏಳು ದಿನಗಳಿಗೆ ಏಳು ನಿಲುಗೆರೆಗಳ ಅಂಕಣ, ಹದಿಮೂರು ಗುಣಗಳಿಗೆ ಹದಿಮೂರು ಅಡ್ಡಸಾಲು. ಸಂಜೆ ಕುಳಿತು ಆ ದಿನ ಯಾವ ಯಾವ ಗುಣದಲ್ಲಿ ತಪ್ಪಿದೆನೆಂದು ನೆನೆದು, ಅಲ್ಲಲ್ಲಿ ಒಂದು ಕಪ್ಪು ಚುಕ್ಕೆಯನ್ನಿಡುವುದು.

ಎಲ್ಲವನ್ನೂ ಒಮ್ಮೆಗೇ ಹಿಡಿಯಲಿಲ್ಲ. ಒಂದು ವಾರ ಒಂದೇ ಗುಣದ ಮೇಲೆ ವಿಶೇಷ ಲಕ್ಷ್ಯ. ಉಳಿದವುಗಳಿಗೆ ಚುಕ್ಕೆ ಬಿದ್ದರೆ ಬೀಳಲಿ. ತೋಟವನ್ನು ಕಳೆ ಕೀಳುವವನು ಇಡೀ ತೋಟಕ್ಕೆ ಒಮ್ಮೆಗೇ ಕೈಹಾಕದೆ ಒಂದೊಂದು ಪಾತಿಯನ್ನು ಮುಗಿಸಿ ಮುಂದಕ್ಕೆ ಹೋಗುವಂತೆ ಎಂದು ಅವನೇ ಹೋಲಿಕೆ ಕೊಟ್ಟಿದ್ದಾನೆ. ಹದಿಮೂರು ವಾರಕ್ಕೆ ಒಂದು ಆವರ್ತ, ವರ್ಷಕ್ಕೆ ನಾಲ್ಕು. ಗುಣಗಳ ಅನುಕ್ರಮದಲ್ಲಿಯೂ ವಿವೇಕವಿತ್ತು. ಊಟ ಮಿತವಾದರೆ ತಲೆ ತಿಳಿಯಾಗಿ ಎಚ್ಚರ ಹುಟ್ಟುವುದು. ಮಾತು ಮಿತವಾದರೆ ಕಿವಿ ತೆರೆದು ಕಲಿಯಲು ಆಗುವುದು. ವ್ಯವಸ್ಥೆ ಬಂದರೆ ಕಲಿಯುವುದಕ್ಕೆ ಹೊತ್ತು ಸಿಕ್ಕುವುದು. ಹೀಗೆ ಒಂದು ಇನ್ನೊಂದಕ್ಕೆ ಏಣಿ. ಚುಕ್ಕೆಗಳನ್ನು ಅಳಿಸಿ ಅಳಿಸಿ ಕಾಗದದಲ್ಲಿ ತೂತುಗಳು ಬಿದ್ದುದರಿಂದ, ಮುಂದೆ ದಂತದ ಹಲಗೆಗಳ ಕಿರುಪುಸ್ತಕವನ್ನು ಮಾಡಿಕೊಂಡು, ಸೀಸದ ಕಡ್ಡಿಯಿಂದ ಗುರುತಿಟ್ಟು ಒದ್ದೆಯ ಸ್ಪಂಜಿನಿಂದ ಒರೆಸುತ್ತಿದ್ದನಂತೆ.

ದಿನಚರಿಯೂ ಇದೇ ಪುಸ್ತಕದಲ್ಲಿತ್ತು. ಬೆಳಗ್ಗೆ ಐದು ಗಂಟೆಗೆ ಏಳುವುದು. ಇಂದು ಯಾವ ಒಳ್ಳೆಯದನ್ನು ಮಾಡಲಿ ಎಂದು ಕೇಳಿಕೊಳ್ಳುವುದು. ಎಂಟರಿಂದ ಹನ್ನೆರಡರವರೆಗೆ ಕೆಲಸ. ನಡುಹಗಲು ಎರಡು ಗಂಟೆ ಊಟ, ಓದು, ಲೆಕ್ಕಪತ್ರ. ಮತ್ತೆ ಆರರವರೆಗೆ ಕೆಲಸ. ಬಳಿಕ ಸಾಮಾನುಗಳನ್ನು ಅವುಗಳ ಸ್ಥಳದಲ್ಲಿಡುವುದು, ಊಟ, ಸಂಗೀತ ಇಲ್ಲವೆ ಸಲ್ಲಾಪ. ಮಲಗುವ ಮುನ್ನ, ಇಂದು ಯಾವ ಒಳ್ಳೆಯದನ್ನು ಮಾಡಿದೆ ಎಂಬ ಪ್ರಶ್ನೆ. ಹತ್ತು ಗಂಟೆಗೆ ನಿದ್ರೆ. ದುಡಿಮೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದವನು ಏಳು ಗಂಟೆ ನಿದ್ರೆಯನ್ನೂ ಸಂಜೆಯ ವಿನೋದವನ್ನೂ ಕದಿಯಲಿಲ್ಲವೆಂಬುದನ್ನು, ರಾತ್ರಿಯ ನಿದ್ರೆಗೆಟ್ಟು ಓದುವ ನಮ್ಮ ವಿದ್ಯಾರ್ಥಿಗಳು ಲಕ್ಷ್ಯಕ್ಕೆ ತರಬೇಕು.

ಇನ್ನು ಫಲವೇನಾಯಿತು? ಇಲ್ಲಿಯೇ ಈ ವೃತ್ತಾಂತದ ಬೆಲೆಯಿರುವುದು. ಫ್ರಾಂಕ್ಲಿನ್ ಸೋತನು, ಸೋತೆನೆಂದು ಹೇಳಿದನು. ವ್ಯವಸ್ಥೆಯೆಂಬ ಗುಣ ಅವನಿಗೆ ಕೊನೆಯವರೆಗೂ ಕೈಗೂಡಲಿಲ್ಲ. ಜ್ಞಾಪಕಶಕ್ತಿ ಚೆನ್ನಾಗಿದ್ದುದರಿಂದ ಚಿಕ್ಕಂದಿನಲ್ಲಿ ವಸ್ತುಗಳನ್ನು ಸ್ಥಳದಲ್ಲಿಡುವ ರೂಢಿಯಾಗಿರಲಿಲ್ಲ; ವಯಸ್ಸಾಗಿ ಜ್ಞಾಪಕ ಕುಗ್ಗಿದಾಗ ಆ ಕೊರತೆ ಬಾಧಿಸಿತು. ಈ ಪ್ರಸಂಗದಲ್ಲಿ ಅವನು ಒಂದು ಕಥೆಯನ್ನು ಹೇಳುತ್ತಾನೆ. ಒಬ್ಬನು ಕಮ್ಮಾರನಲ್ಲಿ ಕೊಡಲಿಯನ್ನು ಕೊಂಡು, ಅದರ ಮೈಯೆಲ್ಲ ಬಾಯಿಯಷ್ಟೇ ಹೊಳೆಯಬೇಕೆಂದನಂತೆ. ಆಗಲಿ, ನೀನು ಸಾಣೆಯ ಚಕ್ರವನ್ನು ತಿರುಗಿಸು, ನಾನು ಉಜ್ಜುತ್ತೇನೆ ಎಂದನು ಕಮ್ಮಾರ. ತಿರುಗಿಸಿ ತಿರುಗಿಸಿ ಕೈಸೋತ ಗಿರಾಕಿ, ಆಗಾಗ ಬಂದು ಇಣಿಕಿ ನೋಡಿ, ಕಡೆಗೆ ಇರುವಂತೆಯೇ ಕೊಡು ಎಂದನು. ಇನ್ನೂ ಮಚ್ಚೆಮಚ್ಚೆಯಾಗಿದೆಯಲ್ಲ ಎಂದು ಕಮ್ಮಾರ ಹೇಳಿದರೆ, ನನಗೆ ಮಚ್ಚೆಯ ಕೊಡಲಿಯೇ ಹೆಚ್ಚು ಇಷ್ಟ ಎಂದನಂತೆ!

ನಾವೆಲ್ಲರೂ ಒಂದಲ್ಲ ಒಂದು ದಿನ ಆಡಿರುವ ಮಾತು ಇದು. ನಾವೂ ಒಮ್ಮೆ ಫ್ರಾಂಕ್ಲಿನ್ನನ ಮಾದರಿಯಲ್ಲಿ ಗೆರೆಯೆಳೆದ ಪುಸ್ತಕವನ್ನು ಮಾಡಿಕೊಂಡಿದ್ದೆವು. ಎರಡು ವಾರ ಚುಕ್ಕೆಗಳು ಕ್ರಮವಾಗಿ ಬಿದ್ದವು. ಮೂರನೆಯದು ವ್ಯವಸ್ಥೆಯ ವಾರ. ಆ ವಾರ ಪುಸ್ತಕವೇ ಕಾಣೆಯಾಯಿತು. ಎಷ್ಟೋ ತಿಂಗಳ ಬಳಿಕ ಹಳೆಯ ಕಾಗದಗಳ ರಾಶಿಯ ಅಡಿಯಲ್ಲಿ ದೊರೆಯಿತು. ಆಗ ನಮಗೆ ನಗು ಬಂದಿತು. ನಗುವಿನ ಹಿಂದೆಯೇ, ‘ಹುಟ್ಟುಗುಣ’ ಎಂಬ ಗಾದೆಯೂ ಬಂದಿತು. ಆದರೆ ಅದೇ ಪುಸ್ತಕದಲ್ಲಿ ಮಿತಭಾಷಣದ ವಾರದ ಕೊನೆಯ ಮೂರು ದಿನಗಳು ಬಿಳಿಯಾಗಿ ಉಳಿದಿದ್ದುವು. ಗಾದೆ ಪೂರ್ತಿ ನಿಜವಾಗಿದ್ದರೆ ಆ ಬಿಳಿ ಎಲ್ಲಿಂದ ಬಂದಿತು?

ಫ್ರಾಂಕ್ಲಿನ್ನನ ತೀರ್ಮಾನವೂ ಇದೇ ಬಗೆಯದು. ತನ್ನ 78ನೆಯ ವಯಸ್ಸಿನಲ್ಲಿ, 1784ರಲ್ಲಿ, ಪ್ಯಾರಿಸಿನ ಬಳಿಯ ಪಾಸಿಯಲ್ಲಿ ಕುಳಿತು ಇದನ್ನು ಬರೆಯುತ್ತ, ತಾನು ಬಯಸಿದ ಪೂರ್ಣತೆ ಎಂದೂ ದೊರೆಯಲಿಲ್ಲ, ಅದರ ಬಳಿಗೂ ಹೋಗಲಿಲ್ಲ. ಆದರೆ ಯತ್ನಿಸದಿದ್ದರೆ ಹೇಗಿರುತ್ತಿದ್ದೆನೋ ಅದಕ್ಕಿಂತ ಉತ್ತಮನೂ ಸುಖಿಯೂ ಆದೆನು ಎಂದು ಒಪ್ಪಿಕೊಂಡಿದ್ದಾನೆ. ಕಾರ್ಯಸಿದ್ಧಿಯನ್ನು ಬಯಸುವವನಿಗೆ ಬೇಕಾದ ಮನೋವೃತ್ತಿ ಇದರಲ್ಲಿ ಅಡಗಿದೆ. ಮಚ್ಚೆ ಉಳಿಯಿತೆಂದು ಕೊಡಲಿಯನ್ನು ಎಸೆಯುವುದೂ ತಪ್ಪು. ಮಚ್ಚೆಯೇ ಚೆಂದವೆಂದು ಸಾಣೆಯನ್ನು ಬಿಡುವುದೂ ತಪ್ಪು. ಮರ ಕಡಿಯುವುದಕ್ಕೆ ಬೇಕಾದುದು ಹರಿತವಾದ ಬಾಯಿ.

ಈ ವಿಷಯದಲ್ಲಿ ಮನಶ್ಶಾಸ್ತ್ರಜ್ಞರ ಅಭಿಪ್ರಾಯವೂ ತಿಳಿಯತಕ್ಕದ್ದು. ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಅಭ್ಯಾಸಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಹೊಸ ರೂಢಿಯು ಬೇರೂರುವವರೆಗೆ ಒಂದು ಸಲವೂ ತಪ್ಪಗೊಡಬಾರದು. ಸುತ್ತುತ್ತಿರುವ ದಾರದ ಉಂಡೆ ಒಮ್ಮೆ ಕೈಜಾರಿದರೆ ಬಹು ಸುತ್ತುಗಳು ಬಿಚ್ಚಿಹೋಗುವುವು ಎಂಬುದು ಅವನ ಎಚ್ಚರಿಕೆ. ಈ ಮಾತು ಎಷ್ಟೋ ಜನರನ್ನು ಹುರಿದುಂಬಿಸಿದೆ. ಒಂದು ದಿನ ತಪ್ಪಿದವರನ್ನು ಎದೆಗುಂದಿಸಿಯೂ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಅಳೆದು ನೋಡಿತು. ಸ್ವಇಚ್ಛೆಯಿಂದ ಬಂದ 96 ಜನರು ತಮಗೆ ಬೇಕಾದ ಒಂದು ಚಿಕ್ಕ ರೂಢಿಯನ್ನು, ಊಟದೊಡನೆ ಹಣ್ಣು ತಿನ್ನುವುದು, ಊಟಕ್ಕೆ ಮುನ್ನ ಓಡುವುದು ಎಂಬಂಥದನ್ನು, ಹನ್ನೆರಡು ವಾರ ನಡೆಸಿದರು. ಅದು ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ನಡುತರವಾಗಿ 66 ದಿನ ಹಿಡಿಯಿತು. ಆದರೆ ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕಾಗುವುದೆಂದು ಲೆಕ್ಕದಿಂದ ತೋರಿತು. ನಡುವೆ ಒಂದು ದಿನ ತಪ್ಪಿದುದರಿಂದ ರೂಢಿಯ ಬೆಳವಣಿಗೆಗೆ ಹೇಳತಕ್ಕಷ್ಟು ಧಕ್ಕೆ ಬರಲಿಲ್ಲ.

ಇದರಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಯುಗಾದಿಗೂ ಶ್ರೀರಾಮನವಮಿಗೂ ನಡುವಣ ಎಂಟು ದಿನಗಳಲ್ಲಿ ಸ್ವಭಾವ ತಿದ್ದಲಿಲ್ಲವೆಂದು ಕೊರಗುವುದಕ್ಕೆ ಕಾರಣವಿಲ್ಲ. ನೆರೆಮನೆಯವನಿಗೆ ಬೇಗ ಕೈಗೂಡಿದುದು ನಮಗೆ ತಡವಾದರೆ ಅದು ದೋಷವಲ್ಲ. ತಪ್ಪಿದ ದಿನಕ್ಕಿಂತ, ತಪ್ಪಿತೆಂದು ಬಿಟ್ಟುಬಿಡುವ ಮರುದಿನವೇ ಹೆಚ್ಚು ಅಪಾಯಕಾರಿ. ಹೊಸ ರೂಢಿಯನ್ನು ದಿನವೂ ತಪ್ಪದೆ ನಡೆಯುವ ಹಳೆಯ ಕೆಲಸವೊಂದಕ್ಕೆ ಗಂಟುಹಾಕುವುದೂ ಒಳ್ಳೆಯ ಉಪಾಯ. ‘ಬಿಡುವಾದಾಗ ಓದುತ್ತೇನೆ’ ಎಂಬವನಿಗೆ ಬಿಡುವಾಗುವುದಿಲ್ಲ. ‘ಬೆಳಗಿನ ಕಾಫಿಯ ಲೋಟವನ್ನು ಕೆಳಗಿಟ್ಟೊಡನೆ ಎರಡು ಪುಟ ಓದುತ್ತೇನೆ’ ಎಂಬವನಿಗೆ ಕಾಫಿಯೇ ಕರೆಗಂಟೆಯಾಗುತ್ತದೆ.

ವಿನಯದ ವಿಷಯವಾಗಿ ಒಂದು ಮಾತು. ಫ್ರಾಂಕ್ಲಿನ್ ತನಗೆ ವಿನಯದ ತಿರುಳು ದಕ್ಕಲಿಲ್ಲ, ಹೊರತೋರಿಕೆ ಮಾತ್ರ ದಕ್ಕಿತು ಎನ್ನುತ್ತಾನೆ. ಆದರೂ ‘ಖಂಡಿತವಾಗಿ’, ‘ನಿಸ್ಸಂದೇಹವಾಗಿ’ ಎಂಬ ಪದಗಳನ್ನು ಬಿಟ್ಟು ‘ನನಗೆ ಹೀಗೆ ತೋರುತ್ತದೆ’ ಎಂದು ಹೇಳುವುದನ್ನು ರೂಢಿಸಿಕೊಂಡನು. ಎದುರಾಳಿಯ ಮಾತು ತಪ್ಪಾದರೂ, ಕೆಲವು ಸಂದರ್ಭಗಳಲ್ಲಿ ಅದು ಸರಿಯಾಗಬಹುದು ಎಂದು ಮೊದಲು ಒಪ್ಪಿ ಅನಂತರ ತನ್ನ ಭಿನ್ನಾಭಿಪ್ರಾಯವನ್ನು ಸೂಚಿಸುವನು. ಒಳ್ಳೆಯ ವಾಗ್ಮಿಯಲ್ಲದ ತನ್ನ ಮಾತಿಗೆ ಸಭೆಗಳಲ್ಲಿ ಬೆಲೆ ಬಂದುದು ಈ ರೂಢಿಯಿಂದಲೇ ಎಂದು ಅವನ ನಂಬಿಕೆ. ಕಚೇರಿಗಳಲ್ಲಿಯೂ ಸಂಘಗಳಲ್ಲಿಯೂ ಕೆಲಸಮಾಡುವ ನಮ್ಮ ಶ್ರೋತೃಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಷ್ಟೋ ಒಳ್ಳೆಯ ಸಲಹೆಗಳು ಹೇಳಿದವರ ಗಂಟಲಿನ ಬಿರುಸಿಗೆ ಬಲಿಯಾಗಿವೆ.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಭಾಷಣ ಅರ್ಧಸತ್ಯವಾದೀತು. ಬಾಸ್ಟನ್ನಿನ ಅದೇ ಬತ್ತಿಯಂಗಡಿಯ ಮನೆಯಲ್ಲಿ, ಬೆಂಜಮಿನ್ನನಿಗೆ ಆರು ವರ್ಷ ಕಿರಿಯಳಾಗಿ, 1712ರಲ್ಲಿ ಜೇನ್ ಎಂಬ ತಂಗಿ ಹುಟ್ಟಿದಳು. ಎಲ್ಲ ಮಕ್ಕಳಿಗೂ ಕಿರಿಯಳು. ಬುದ್ಧಿಯಲ್ಲಿ ಅವಳು ಅಣ್ಣನಿಗೆ ಸಮೀಪದವಳೆಂದು ಅವಳ ಕಾಗದಗಳೇ ಹೇಳುತ್ತವೆ. ಆದರೆ ಹೆಣ್ಣಾದುದರಿಂದ ಓದುಬರಹ ಅಲ್ಪಸ್ವಲ್ಪವೇ ದೊರೆಯಿತು. ಹದಿನೈದನೆಯ ವಯಸ್ಸಿನಲ್ಲಿ ಜೀನು ಹೊಲಿಯುವವನೊಬ್ಬನೊಡನೆ ವಿವಾಹ; ಬಡತನ, ಸಾಲ; ಹನ್ನೆರಡು ಮಕ್ಕಳು. ಅವಳ ಬಳಿಯೂ ಒಂದು ಚಿಕ್ಕ ಪುಸ್ತಕವಿತ್ತು. ಕೆಲವು ಹಾಳೆಗಳನ್ನು ಮಡಿಸಿ ತಾನೇ ಹೊಲಿದುಕೊಂಡುದು. ‘ವಯಸ್ಸುಗಳ ಪುಸ್ತಕ’ವೆಂದು ಅವಳೇ ಅದಕ್ಕೆ ಹೆಸರಿಟ್ಟಳು. ಅದರಲ್ಲಿ ಗುಣಗಳ ಪಟ್ಟಿಯಿಲ್ಲ, ಕೆಂಪುಗೆರೆಗಳಿಲ್ಲ. ಮಕ್ಕಳು ಹುಟ್ಟಿದ ದಿನ, ಮಕ್ಕಳು ಸತ್ತ ದಿನ. ಅವಳ ಮಕ್ಕಳಲ್ಲಿ ಬಹುಮಂದಿ ಅವಳ ಕಣ್ಣ ಮುಂದೆಯೇ ತೀರಿಕೊಂಡರು. ಅಣ್ಣ ಕಳುಹಿಸಿದ ಪುಸ್ತಕಗಳನ್ನು ಸಿಕ್ಕ ಹೊತ್ತಿನಲ್ಲಿ ಓದುತ್ತ, ತಪ್ಪು ಕಾಗುಣಿತಕ್ಕಾಗಿ ಕ್ಷಮೆ ಬೇಡುತ್ತ ಕಾಗದ ಬರೆಯುತ್ತ, ಸಾಬೂನು ಕಾಯಿಸುತ್ತ ಅವಳು 1794ರವರೆಗೆ ಬಾಳಿದಳು.

ಅವಳಲ್ಲಿ ಉದ್ಯಮಶೀಲತೆಯಿರಲಿಲ್ಲವೆ? ಮಿತವ್ಯಯವಿರಲಿಲ್ಲವೆ? ಒಂದೇ ಮನೆ, ಒಂದೇ ರಕ್ತ, ಎರಡು ಚಿಕ್ಕ ಪುಸ್ತಕಗಳು. ಒಂದು ಲೋಕವಿಖ್ಯಾತವಾಯಿತು, ಇನ್ನೊಂದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಆದಕಾರಣ, ಬಾಳಿನಲ್ಲಿ ಹಿಂದುಳಿದವರನ್ನು ಕಂಡು ‘ಒಳ್ಳೆಯ ಅಭ್ಯಾಸಗಳಿಲ್ಲ’ ಎಂದು ತೀರ್ಪುಕೊಡುವವರು ಸ್ವಲ್ಪ ತಡೆಯಬೇಕು. ಅಭ್ಯಾಸವು ಬೀಜ, ನೆಲವೂ ನೀರೂ ಬೇಕು. ಫ್ರಾಂಕ್ಲಿನ್ನನ ಆತ್ಮಪರೀಕ್ಷೆಗೂ ಮಿತಿಯಿತ್ತು: ಗುಣಗಳಲ್ಲಿ ನ್ಯಾಯವನ್ನು ಎಣಿಸಿದ ಅವನೇ ತನ್ನ ಮನೆಯಲ್ಲಿ ಗುಲಾಮರನ್ನಿಟ್ಟುಕೊಂಡಿದ್ದನು. ಆ ಚುಕ್ಕೆ ಕಾಣುವುದಕ್ಕೆ ಅವನಿಗೆ ಬಹುಕಾಲ ಹಿಡಿಯಿತು. 1787ರಲ್ಲಿ ದಾಸ್ಯವಿಮೋಚನೆಗಾಗಿ ಶ್ರಮಿಸುತ್ತಿದ್ದ ಸಂಘದ ಅಧ್ಯಕ್ಷನಾದನು.

ಆದರೂ ಅವನು ತನಗೆ ದೊರೆತ ನೆಲನೀರನ್ನು ಇತರರಿಗೂ ಹಂಚಲು ಯತ್ನಿಸಿದನೆಂಬುದನ್ನು ಮರೆಯಲಾಗದು. ಒಂಟಿಯಾಗಿ ಕಲಿಯುವುದು ಕಷ್ಟವೆಂದು ಕಂಡು 1727ರಲ್ಲಿ ಕಸುಬುದಾರ ಗೆಳೆಯರ ಚರ್ಚಾಕೂಟವನ್ನು ಕಟ್ಟಿದನು. ಆ ಗೆಳೆಯರಲ್ಲಿ ಪುಸ್ತಕಗಳು ಸಾಲದಿರಲು 1731ರಲ್ಲಿ ಚಂದಾ ಎತ್ತಿ ಪುಸ್ತಕಭಂಡಾರವನ್ನು ಸ್ಥಾಪಿಸಿದನು. ತಾನು ರೂಪಿಸಿದ ಒಲೆಗೆ ಏಕಸ್ವಾಮ್ಯದ ಹಕ್ಕನ್ನು ಕೊಡಲು ಸರಕಾರದವರೇ ಮುಂದೆ ಬಂದಾಗ, ನಾವು ಇತರರ ಶೋಧನೆಗಳಿಂದ ಸುಖಪಡುವಂತೆ ಇತರರೂ ನಮ್ಮದರಿಂದ ಸುಖಪಡಲಿ ಎಂದು ಬೇಡವೆಂದನು. 1790ರಲ್ಲಿ ತೀರಿಕೊಂಡಾಗ ಬಾಸ್ಟನ್ನಿಗೂ ಫಿಲಡೆಲ್ಫಿಯಕ್ಕೂ ತಲಾ ಒಂದು ಸಾವಿರ ಪೌಂಡುಗಳನ್ನು ಬಿಟ್ಟು, ಅದನ್ನು ಯುವಕ ಕಸುಬುದಾರರಿಗೆ ಸಾಲವಾಗಿ ಕೊಡುತ್ತ ಇನ್ನೂರು ವರ್ಷ ಬೆಳೆಸಬೇಕೆಂದು ಮರಣಶಾಸನದಲ್ಲಿ ಬರೆದಿದ್ದನು. ಇನ್ನೂರು ವರ್ಷ ತುಂಬಿದುದು 1990ರಲ್ಲಿ. ಆಗ ಆ ನಿಧಿಗಳು ಲಕ್ಷಾಂತರ ಡಾಲರುಗಳಾಗಿದ್ದುವು. ಹನಿಹನಿಗೂಡಿದರೆ ಹಳ್ಳವೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಹಾಗಾದರೆ ನಮ್ಮ ಎರಡು ಗಾದೆಗಳ ವ್ಯಾಜ್ಯವು ಹೇಗೆ ತೀರಿತು? ಹುಟ್ಟುಗುಣ ಪೂರ್ತಿ ಹೋಗದೆಂಬುದು ನಿಜ. ಫ್ರಾಂಕ್ಲಿನ್ನನ ಮೇಜಿನ ಮೇಲಿನ ಕಾಗದಗಳು ಕೊನೆಯವರೆಗೂ ಚೆಲ್ಲಾಪಿಲ್ಲಿಯಾಗಿದ್ದುವು. ಆದರೆ ಅದು ಪೂರ್ತಿ ಆಳುವುದೂ ಇಲ್ಲ. ನಡುವೆ ಸಾಕಷ್ಟು ಬಯಲಿದೆ. ಆ ಬಯಲೇ ಯತ್ನದ ಕ್ಷೇತ್ರ. ಹದಿಮೂರು ಗುಣಗಳು ಬೇಡ; ಒಂದು ಸಾಕು. ಒಂದು ವಾರ ಸಾಲದಿದ್ದರೆ ಹತ್ತು ವಾರವಾಗಲಿ. ದಂತದ ಹಲಗೆ ಬೇಡ. ಮಕ್ಕಳ ಲೆಕ್ಕದ ಪುಸ್ತಕದಲ್ಲಿ ಉಳಿದ ಹಾಳೆ ಸಾಕು. ರಾತ್ರಿ ದೀಪವನ್ನು ಆರಿಸುವ ಮುನ್ನ, ಇಂದು ಏನು ಒಳ್ಳೆಯದಾಯಿತು ಎಂದು ಒಂದು ಗಳಿಗೆ ಕೇಳಿಕೊಳ್ಳೋಣ. ಅದರೊಡನೆ, ನಮ್ಮ ಮನೆಯಲ್ಲಿಯೇ ಇರುವ ಜೇನಳ ಕೈಗೆ ಇಂದು ಪುಸ್ತಕ ಸಿಕ್ಕಿತೇ, ಅದನ್ನು ಓದುವ ಬಿಡುವು ಸಿಕ್ಕಿತೇ ಎಂದೂ ಕೇಳಿಕೊಳ್ಳೋಣ. ಉತ್ತರ ಚುಕ್ಕೆಯಾದರೆ ಚುಕ್ಕೆಯನ್ನೇ ಇಡೋಣ. ನಾಳೆಯ ಅಂಕಣ ಇನ್ನೂ ಬಿಳಿಯಾಗಿದೆ.